ಸೀಸರನ ನಾಣ್ಯ ಮತ್ತು ನಮ್ಮ ಅಮೃತಶಿಲೆಯ ಫಲಕ

ಮೂರು ವರ್ಷಗಳಿಗೊಮ್ಮೆ, ಸಾಧಾರಣ ಕಾಲದ 29ನೆಯ ಭಾನುವಾರದಂದು, ನಮ್ಮ ದೇವಾಲಯಗಳಲ್ಲಿ ತೆರಿಗೆಯ ಪ್ರಸಂಗವನ್ನು ವಾಚಿಸಲಾಗುತ್ತದೆ. ಸಂತ ಮತ್ತಾಯರ ಶುಭಸಂದೇಶದ 22ನೆಯ ಅಧ್ಯಾಯದಲ್ಲಿ ಬರುವ ಈ ಘಟನೆ ಎಲ್ಲರಿಗೂ ಗೊತ್ತಿರುವಂಥದು. ಫರಿಸಾಯರ ಶಿಷ್ಯರೂ ಹೆರೋದನ ಪಕ್ಷದವರೂ ಒಂದಾಗಿ ಬಂದು, ಸೀಸರನಿಗೆ ತೆರಿಗೆ ಕೊಡುವುದು ಧರ್ಮಸಮ್ಮತವೇ ಎಂದು ಯೇಸುಸ್ವಾಮಿಯನ್ನು ಕೇಳುತ್ತಾರೆ. ಪ್ರಭು ತೆರಿಗೆಯ ನಾಣ್ಯವೊಂದನ್ನು ತರಿಸುತ್ತಾರೆ. ಅದರ ಮೇಲಿರುವ ಮುಖ ಯಾರದು, ಬರಹ ಯಾರದು ಎಂದು ಮರುಪ್ರಶ್ನೆ ಹಾಕುತ್ತಾರೆ. ಅನಂತರ ಬರುವ ಉತ್ತರ ಜಗತ್ತಿನ ಎಲ್ಲ ಭಾಷೆಗಳಲ್ಲಿಯೂ ಗಾದೆಯಂತೆ ಬಳಕೆಯಲ್ಲಿದೆ.

ಈ ವಾಚನದ ಮೇಲೆ ನಾವು ಗುರುಗಳು ಮಾಡುವ ಪ್ರಬೋಧನೆಯೂ ಬಹುಮಟ್ಟಿಗೆ ಗಾದೆಯಂತೆಯೇ ಆಗಿಬಿಟ್ಟಿದೆ. ಸರಕಾರಕ್ಕೆ ಸಲ್ಲಬೇಕಾದುದನ್ನು ಸರಕಾರಕ್ಕೆ ಸಲ್ಲಿಸಿರಿ, ದೇವಾಲಯಕ್ಕೆ ಸಲ್ಲಬೇಕಾದುದನ್ನು ದೇವಾಲಯಕ್ಕೆ ಸಲ್ಲಿಸಿರಿ. ಮಹಾನಗರಪಾಲಿಕೆಯ ಮನೆ ತೆರಿಗೆಯೂ ಬಾಕಿ ಇರದಿರಲಿ, ಧರ್ಮಕೇಂದ್ರದ ವಾರ್ಷಿಕ ವಂತಿಗೆಯೂ ಬಾಕಿ ಇರದಿರಲಿ. ಎರಡು ಖಾತೆ, ಎರಡು ರಸೀದಿ, ಅಲ್ಲಿಗೆ ಸಮಾಧಾನ. ನಾನೂ ಹಲವು ವರ್ಷ ಇದನ್ನೇ ಹೇಳಿದ್ದೇನೆ. ಜನರು ತಲೆದೂಗಿದ್ದಾರೆ, ಆರ್ಥಿಕ ಸಮಿತಿಯವರು ಸಂತೋಷಪಟ್ಟಿದ್ದಾರೆ.

ಆದರೆ ಈ ವ್ಯಾಖ್ಯಾನದಲ್ಲಿ ದೊಡ್ಡದೊಂದು ಕೊರತೆಯಿದೆ. ಪ್ರಭು ನಾಣ್ಯವನ್ನು ನೋಡಲು ಹೇಳಿದರು; ನಾವು ನೋಡಲಿಲ್ಲ. ಆ ಬೆಳ್ಳಿಯ ತುಂಡಿನ ಮೇಲೆ ಏನು ಕೆತ್ತಲಾಗಿತ್ತು, ಅದು ಏನನ್ನು ಸಾರುತ್ತಿತ್ತು ಎಂಬುದನ್ನು ವಿಚಾರಿಸದೆ ಉತ್ತರವನ್ನು ಮಾತ್ರ ಬಾಯಿಪಾಠ ಮಾಡಿಕೊಂಡೆವು. ಈ ಲೇಖನದಲ್ಲಿ ಆ ನಾಣ್ಯವನ್ನು ಒಂದು ಚಿತ್ರವನ್ನು ನೋಡುವಂತೆ, ಒಂದು ಕೃತಿಯನ್ನು ಓದುವಂತೆ ಪರಿಶೀಲಿಸುವುದು ನನ್ನ ಉದ್ದೇಶ. ಅದಕ್ಕಾಗಿ ಜೆರುಸಲೇಮಿಗೆ ಹೋಗಬೇಕಾಗಿಲ್ಲ. ಅದೇ ಬಗೆಯ ನಾಣ್ಯಗಳು ನಮ್ಮ ಕನ್ನಡ ನಾಡಿನ ಮಣ್ಣಿನಲ್ಲಿಯೇ ದೊರೆತಿವೆ.

ಕನ್ನಡ ನಾಡಿನ ಮಣ್ಣಿನಲ್ಲಿ

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಮಾರ್ಗದ ಕೆಲಸ ನಡೆದಿದ್ದಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅವು ಅಗಸ್ಟಸನಿಂದ ಕ್ಲಾಡಿಯಸನವರೆಗಿನ ಕಾಲಕ್ಕೆ ಸೇರಿದವು. ಮುಂದೆ 1965ರಲ್ಲಿ ಅದೇ ನಗರದ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ 256 ಬೆಳ್ಳಿ ನಾಣ್ಯಗಳು ಸಿಕ್ಕವು. ಅವು ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಕಾಲದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಈ ಇಬ್ಬರ ಬೆಳ್ಳಿ ನಾಣ್ಯಗಳು ದೊರೆತಿವೆ. ಅಗಸ್ಟಸನ ಆಳ್ವಿಕೆಯಲ್ಲಿ ಯೇಸುಸ್ವಾಮಿ ಜನಿಸಿದರು. ತಿಬೇರಿಯಸನ ಆಳ್ವಿಕೆಯಲ್ಲಿ ಶಿಲುಬೆಗೇರಿದರು. ಅವರ ಜೀವಿತಕಾಲದಲ್ಲಿ ಅಚ್ಚಾದ ನಾಣ್ಯಗಳು ಬೆಂಗಳೂರಿನಲ್ಲಿ ರೈಲೂ ವಿಮಾನವೂ ಬರುವವರೆಗೆ ನೆಲದಡಿಯಲ್ಲಿ ಕಾದಿದ್ದವು.

ಇವು ಇಲ್ಲಿಗೆ ಬಂದದ್ದು ವ್ಯಾಪಾರದ ಮೂಲಕ. ಮುಂಗಾರಿನ ಗಾಳಿಯನ್ನು ಅನುಸರಿಸಿ ಕೆಂಪು ಸಮುದ್ರದಿಂದ ಹೊರಟ ಹಡಗುಗಳು ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟುತ್ತಿದ್ದವು. ಕಾಳುಮೆಣಸು, ಮುತ್ತು, ನವಿರಾದ ಬಟ್ಟೆ, ರತ್ನಗಳಿಗೆ ಪ್ರತಿಯಾಗಿ ರೋಮಿನ ಬೆಳ್ಳಿಯೂ ಚಿನ್ನವೂ ಇತ್ತ ಹರಿದುಬಂದವು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆ ಎಂದು ಪ್ಲಿನಿ ಎಂಬ ರೋಮನ್ ವಿದ್ವಾಂಸನು ಕ್ರಿ.ಶ. ಒಂದನೆಯ ಶತಮಾನದಲ್ಲಿ ಪೇಚಾಡಿಕೊಂಡಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ಬೆಳ್ಳಿಯ ದೆನಾರಿಯಸ್. ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಒಂದು ದಿನದ ದುಡಿಮೆಗೆ ದೊರೆಯುವ ಕೂಲಿ ಇದೇ ನಾಣ್ಯ. ಆ ಲೆಕ್ಕದಲ್ಲಿ ಒಂದೂಕಾಲು ಕೋಟಿ ದಿನಗಳ ಕೂಲಿ ವರ್ಷವರ್ಷವೂ ಇತ್ತ ಬರುತ್ತಿತ್ತು. ಮುಜಿರಿಸ್ ಬಂದರಿಗೆ ಹೋಗುವ ವರ್ತಕರು ಸಮೀಪದ ನಿತ್ರಿಯಾಸ್ ಎಂಬಲ್ಲಿನ ಕಡಲ್ಗಳ್ಳರ ಬಗ್ಗೆ ಎಚ್ಚರದಿಂದಿರಬೇಕೆಂದೂ ಅವನೇ ಬರೆದಿದ್ದಾನೆ. ಈ ನಿತ್ರಿಯಾಸ್ ನಮ್ಮ ನೇತ್ರಾವತಿಯ ಅಳಿವೆಯ ಮಂಗಳೂರೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಹಿರಿಯರಿಗೆ ಇದು ಅಷ್ಟೇನೂ ಗೌರವದ ಉಲ್ಲೇಖವಲ್ಲ! ಸಂಸ್ಕೃತಕ್ಕೆ ಬಂದು ನಮ್ಮ ಹಳೆಯ ಬರಹಗಳಲ್ಲಿ ಕಾಣಿಸುವ 'ದೀನಾರ' ಎಂಬ ಪದದ ಮೂಲವೂ ಈ ದೆನಾರಿಯಸ್ಸೇ.

ಮುಂಬದಿ, ಹಿಂಬದಿ

ಭಾರತದಲ್ಲಿ ದೊರೆತ ರೋಮನ್ ಬೆಳ್ಳಿಯಲ್ಲಿ ಎರಡು ಬಗೆಯ ನಾಣ್ಯಗಳು ಅತಿ ಹೆಚ್ಚು. ಮೊದಲನೆಯದು ಅಗಸ್ಟಸನದು. ಮುಂಬದಿಯಲ್ಲಿ ಹಸಿರೆಲೆಯ ಕಿರೀಟ ತೊಟ್ಟ ಅವನ ತಲೆ. ಸುತ್ತಲೂ, ಆತ ದೈವತ್ವಕ್ಕೇರಿದವನ ಪುತ್ರನೆಂದೂ ದೇಶದ ಪಿತನೆಂದೂ ಸಾರುವ ಅಕ್ಷರಗಳು. ಹಿಂಬದಿಯಲ್ಲಿ ಇಬ್ಬರು ತರುಣರು ನಿಂತಿದ್ದಾರೆ. ಅವರು ಗಾಯಸ್ ಮತ್ತು ಲೂಸಿಯಸ್. ಅಗಸ್ಟಸನ ಮಗಳ ಮಕ್ಕಳು, ಅವನು ದತ್ತು ಪಡೆದ ಉತ್ತರಾಧಿಕಾರಿಗಳು. ಅವರ ನಡುವೆ ಎರಡು ಗುರಾಣಿ, ಎರಡು ಈಟಿ. ಮೇಲುಗಡೆ ಪೂಜೆಯ ಸೌಟು ಮತ್ತು ಶಕುನ ನೋಡುವ ಪುರೋಹಿತನ ಡೊಂಕು ಕೋಲು. ಅಂಗೈಯ ನಡುವೆ ಅಡಗುವ ಇಷ್ಟು ಚಿಕ್ಕ ಜಾಗದಲ್ಲಿ ವಂಶ, ಸೈನ್ಯ, ಧರ್ಮ ಮೂರನ್ನೂ ಕೂಡಿಸಿದ ಕಲೆಗಾರನ ಕೌಶಲವನ್ನು ಮೆಚ್ಚಲೇಬೇಕು. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿಯೂ ಗಾಯಸ್ ಕ್ರಿ.ಶ. 4ರಲ್ಲಿಯೂ ತೀರಿಕೊಂಡರು. ಒಂದು ದಿನವೂ ಆಳದ ಇಬ್ಬರು ಹುಡುಗರು, ತಾವೆಂದೂ ಕೇಳಿರದ ನಾಡಿನ ಮಣ್ಣಿನಲ್ಲಿ, ಇಂದಿಗೂ ಯುವರಾಜರಾಗಿಯೇ ನಿಂತಿದ್ದಾರೆ.

ಎರಡನೆಯದು ತಿಬೇರಿಯಸನ ನಾಣ್ಯ. ಶುಭಸಂದೇಶದ ತೆರಿಗೆ ನಾಣ್ಯ ಇದೇ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಮುಂಬದಿಯಲ್ಲಿ ಅವನ ತಲೆ, ಹಾಗೂ 'ದೈವತ್ವಕ್ಕೇರಿದ ಅಗಸ್ಟಸನ ಪುತ್ರ, ತಿಬೇರಿಯಸ್ ಸೀಸರ್ ಅಗಸ್ಟಸ್' ಎಂಬ ಅರ್ಥದ ಲತೀನ್ ಬರಹ. ಹಿಂಬದಿಯಲ್ಲಿ ಆಸನದ ಮೇಲೆ ಕುಳಿತ ಒಬ್ಬ ಸ್ತ್ರೀ. ಬಲಗೈಯಲ್ಲಿ ಉದ್ದನೆಯ ದಂಡ, ಎಡಗೈಯಲ್ಲಿ ಎಲೆಗಳ ಕೊಂಬೆ. ಆಕೆಯನ್ನು ಶಾಂತಿದೇವತೆಯ ರೂಪದಲ್ಲಿರುವ ರಾಜಮಾತೆ ಲಿವಿಯಾ ಎಂದು ಅನೇಕರು ಗುರುತಿಸುತ್ತಾರೆ. ಆಕೆಯ ಇಕ್ಕೆಲದಲ್ಲಿರುವ ಅಕ್ಷರಗಳ ಅರ್ಥ 'ಮಹಾಪುರೋಹಿತ'. ಆ ಬಿರುದೂ ಚಕ್ರವರ್ತಿಯದೇ.

ಕಲೆಯ ದೃಷ್ಟಿಯಿಂದ ಈ ಎರಡನೆಯ ನಾಣ್ಯ ಮೊದಲನೆಯದಕ್ಕಿಂತ ಬಡವಾದುದು. ಅದರಲ್ಲಿ ಕಥೆಯಿಲ್ಲ, ಚಲನೆಯಿಲ್ಲ. ತಿಬೇರಿಯಸನು ಕ್ರಿ.ಶ. 14ರಿಂದ 37ರವರೆಗೆ ಆಳಿದನು; ಆ ಅವಧಿಯ ಬಹುಭಾಗದಲ್ಲಿ ಬೆಳ್ಳಿಯ ಮೇಲೆ ಇದೊಂದೇ ಚಿತ್ರ ಮತ್ತೆ ಮತ್ತೆ ಅಚ್ಚಾಯಿತು. ಆದರೆ ಅದರ ಬಲವಿರುವುದೂ ಆ ಪುನರಾವರ್ತನೆಯಲ್ಲಿಯೇ. ದಿನವೂ ಕೈಯಿಂದ ಕೈಗೆ ಹೋಗುವ ವಸ್ತುವೊಂದು ಇಪ್ಪತ್ತು ವರ್ಷ ಒಂದೇ ಮಾತನ್ನು ಹೇಳುತ್ತಿದ್ದರೆ, ಅದು ಮಾತೆಂದು ತೋರುವುದೇ ಇಲ್ಲ. ಬಿಸಿಲಿನಂತೆ, ಗಾಳಿಯಂತೆ ಸಹಜವೆಂದು ತೋರುತ್ತದೆ. ದೇವಪುತ್ರನಾರು? ಸೀಸರ. ದೇವರಿಗೂ ಜನರಿಗೂ ನಡುವೆ ನಿಲ್ಲುವ ಮಹಾಯಾಜಕನಾರು? ಸೀಸರ. ಶಾಂತಿಯನ್ನು ಕೊಡುವವನಾರು? ಸೀಸರ. ನಾವು ಪ್ರತಿ ಬಲಿಪೂಜೆಯಲ್ಲಿ ಕ್ರಿಸ್ತರಿಗೆ ಸಲ್ಲಿಸುವ ಮೂರು ನಾಮಗಳು ಆ ಪುಟ್ಟ ಬೆಳ್ಳಿಯ ಮೇಲೆ ಇನ್ನೊಬ್ಬನ ಹೆಸರಿಗೆ ಬರೆಯಲ್ಪಟ್ಟಿದ್ದವು. ಹೀಗಿರುವಾಗ ಆ ನಾಣ್ಯವನ್ನು ಕೈಯಲ್ಲಿ ಹಿಡಿದು ಕೇಳಿದ ಪ್ರಶ್ನೆ ಬರಿಯ ತೆರಿಗೆಯ ಪ್ರಶ್ನೆಯಾಗಿರಲು ಸಾಧ್ಯವೇ?

ನಾಣ್ಯದ ಮೇಲಿನ ಆ ಶಾಂತಿ ಎಂಥದು ಎಂಬುದೂ ನಮಗೆ ತಿಳಿದಿದೆ. ತಿಬೇರಿಯಸನ ಅಧಿಕಾರಿ ಪೊಂತಿಯ ಪಿಲಾತನು ಯೂದಾಯದಲ್ಲಿ ಹೊರಡಿಸಿದ ಚಿಕ್ಕ ಕಂಚಿನ ನಾಣ್ಯಗಳೂ ದೊರೆತಿವೆ. ಅವುಗಳ ಮೇಲೆ ಪೂಜೆಯ ಸೌಟು ಮತ್ತು ಶಕುನದ ಡೊಂಕು ಕೋಲು ಇವೆ. ಆ ಇಬ್ಬರು ಹುಡುಗರ ತಲೆಯ ಮೇಲ್ಗಡೆ ಕಂಡ ಚಿಹ್ನೆಗಳೇ ಇವು. ವಿಗ್ರಹಗಳನ್ನು ಸಹಿಸದ ಯೆಹೂದ್ಯ ಜನರ ನಡುವೆ ರೋಮನ್ ಪೂಜೆಯ ಉಪಕರಣಗಳನ್ನು ಅಚ್ಚು ಹಾಕಿಸಿದ ಅಧಿಕಾರಿಯೇ, ಶಾಂತಿಪಾಲನೆಯ ಹೆಸರಿನಲ್ಲಿ ಒಬ್ಬ ನಿರ್ದೋಷಿಯನ್ನು ಶಿಲುಬೆಗೆ ಒಪ್ಪಿಸಿದನು. ಮುಂದೆ ಕ್ರಿ.ಶ. 70ರಲ್ಲಿ ಜೆರುಸಲೇಮ್ ನಾಶವಾದ ಮೇಲೆ ವೆಸ್ಪಾಸಿಯನ್ ಚಕ್ರವರ್ತಿಯು ಬೆಳ್ಳಿಯ ಮೇಲೆ ಇನ್ನೊಬ್ಬ ಸ್ತ್ರೀಯನ್ನು ಕೂರಿಸಿದನು. ವಿಜಯಸ್ತಂಭದ ಬುಡದಲ್ಲಿ ನೆಲದ ಮೇಲೆ ಕುಳಿತು ಶೋಕಿಸುತ್ತಿರುವ ಆ ಸ್ತ್ರೀಯ ಕೆಳಗೆ 'ಯೂದಾಯ' ಎಂದು ಬರೆದಿದೆ. ತಿಬೇರಿಯಸನ ನಾಣ್ಯದ ಶಾಂತಿಯನ್ನೂ ವೆಸ್ಪಾಸಿಯನ್ನನ ನಾಣ್ಯದ ಕಣ್ಣೀರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಮ್ರಾಜ್ಯದ ಕಥೆ ಪೂರ್ಣವಾಗುತ್ತದೆ.

ಮುಖ ಅಳಿದು ತೂಕ ಉಳಿದಾಗ

ಇಷ್ಟೆಲ್ಲ ಸಾರುತ್ತಿದ್ದ ನಾಣ್ಯಗಳು ನಮ್ಮ ನಾಡಿಗೆ ಬಂದಾಗ ಏನಾಯಿತು? ಈ ಪ್ರಶ್ನೆಗೆ ದೊರೆಯುವ ಉತ್ತರ ಕುತೂಹಲಕಾರಿಯಾದುದು. ಇಲ್ಲಿ ಅವನ್ನು ಯಾರೂ ಓದಲಿಲ್ಲ. ದೇವಪುತ್ರ, ಮಹಾಪುರೋಹಿತ ಎಂಬ ಬಿರುದುಗಳು ಇಲ್ಲಿಯವರಿಗೆ ಗೀರುಗಳಾಗಿದ್ದವು. ಅವರು ನೋಡಿದ್ದು ಬೆಳ್ಳಿಯ ಶುದ್ಧಿಯನ್ನು ಮತ್ತು ತೂಕವನ್ನು.

ಪ್ಲಿನಿ ಹೇಳುವ ಒಂದು ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕ್ಲಾಡಿಯಸನ ಕಾಲದಲ್ಲಿ ರೋಮಿನವನೊಬ್ಬ ಗಾಳಿಗೆ ಸಿಕ್ಕಿ ಸಿಂಹಳ ದ್ವೀಪವನ್ನು ಮುಟ್ಟಿದನಂತೆ. ಅವನಲ್ಲಿದ್ದ ದೆನಾರಿಯಸ್‌ಗಳನ್ನು ಕಂಡು ಅಲ್ಲಿಯ ಅರಸನು ಬೆರಗಾದನಂತೆ. ಅರಸನ ಬೆರಗಿಗೆ ಕಾರಣ ಚಕ್ರವರ್ತಿಗಳ ವೈಭವವಲ್ಲ. ಮುಖಗಳು ಬೇರೆ ಬೇರೆಯಾಗಿದ್ದರೂ ತೂಕ ಮಾತ್ರ ಒಂದೇ ಆಗಿತ್ತು. ಇದು ಪ್ರಾಮಾಣಿಕ ಜನರ ಲಕ್ಷಣ ಎಂದು ಅವನು ಮೆಚ್ಚಿದನು. ಮುಂದೆ ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ದೆನಾರಿಯಸ್‌ನ ತೂಕವನ್ನೂ ಶುದ್ಧಿಯನ್ನೂ ಇಳಿಸಿದನು. ಅಲ್ಲಿಂದೀಚಿನ ಬೆಳ್ಳಿ ನಾಣ್ಯಗಳು ಭಾರತದಲ್ಲಿ ದೊರೆಯುವುದು ಬಹಳ ಕಡಿಮೆ. ಮುಖವನ್ನು ನೋಡಿ ಮೋಸ ಹೋಗಲು ಇಲ್ಲಿಯ ವರ್ತಕರು ಸಿದ್ಧರಿರಲಿಲ್ಲ.

ಕೆಲವೆಡೆ ಮುಖವನ್ನೇ ಕೆಡಿಸಿದ್ದೂ ಉಂಟು. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಉಳಿಯ ಗಾಯವಿದೆ. ಅವನ್ನು ಚಲಾವಣೆಯಿಂದ ತೆಗೆಯಲು ಹೀಗೆ ಮಾಡಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ದಖ್ಖನಿನ ಪ್ರಾಚೀನ ಪಟ್ಟಣಗಳಲ್ಲಿ ಇದೇ ನಾಣ್ಯಗಳ ಮಣ್ಣಿನ ಪ್ರತಿಗಳು ದೊರೆತಿವೆ. ದಾರ ಪೋಣಿಸಲು ತೂತು ಅಥವಾ ಕಿವಿಯಿರುವ ಇವು ಕೊರಳಿನ ಆಭರಣಗಳು. ಜಗತ್ತನ್ನಾಳಿದವನ ಮುಖ ಯಾವುದೋ ಹೆಣ್ಣುಮಗುವಿನ ಸರದ ಬಿಲ್ಲೆಯಾಯಿತು.

ಇದನ್ನು ಓದಿ ನಗುವ ಮುನ್ನ ನಮ್ಮ ಮನೆಯ ಮಾತನ್ನು ನೆನಪಿಸಿಕೊಳ್ಳೋಣ. ಮಂಗಳೂರಿನಲ್ಲಿ ಮದುವೆಯ ಚಿನ್ನವನ್ನು ನಾವು ಇಂದಿಗೂ 'ಪವನು' ಎಂಬ ಅಳತೆಯಲ್ಲಿ ಹೇಳುತ್ತೇವೆ. ಅದು ಇಂಗ್ಲಿಷರ ಪೌಂಡಿನಿಂದ, ವಿಕ್ಟೋರಿಯಾ ರಾಣಿಯ ಮುಖವಿದ್ದ ಚಿನ್ನದ ನಾಣ್ಯದಿಂದ ಬಂದ ಮಾತು. ಇಂದು ಪವನು ಎಂದರೆ ಎಂಟು ಗ್ರಾಂ, ಅಷ್ಟೇ. ರಾಣಿಯೂ ಹೋದಳು, ಅವಳ ಸಾಮ್ರಾಜ್ಯವೂ ಹೋಯಿತು. ತೂಕ ಮಾತ್ರ ಉಳಿಯಿತು.

ಹೀಗೆ ನಾಣ್ಯದ ಮೇಲಿನ ಮುಖಕ್ಕೆ ಸ್ವಂತ ಶಕ್ತಿಯಿಲ್ಲ. ಅದನ್ನು ಗುರುತಿಸಿ ತಲೆಬಾಗುವವರು ಇರುವವರೆಗೆ ಮಾತ್ರ ಅದು ಮುಖ. ಅವರಿಲ್ಲದ ಕಡೆ ಅದು ಲೋಹ.

ಯಾರ ಪ್ರತಿರೂಪ?

ಈಗ ಪ್ರಭುವಿನ ಪ್ರಶ್ನೆಗೆ ಮರಳೋಣ. ನಾಣ್ಯದ ಮುಖವನ್ನು ಸೂಚಿಸಲು ಶುಭಸಂದೇಶವು ಬಳಸುವ ಗ್ರೀಕ್ ಪದ 'ಐಕೋನ್'. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮಾನವನನ್ನು ತಮ್ಮ ಪ್ರತಿರೂಪದಲ್ಲಿ ಸೃಷ್ಟಿಸಿದರೆಂದು ಹೇಳುವಾಗ ಪ್ರಾಚೀನ ಗ್ರೀಕ್ ಅನುವಾದವು ಬಳಸುವುದೂ ಇದೇ ಪದವನ್ನು. ಧರ್ಮಸಭೆಯ ಆದಿಕಾಲದ ಲೇಖಕ ತೆರ್ತುಲಿಯನ್ ಈ ಸಂಬಂಧವನ್ನು ಸ್ಪಷ್ಟವಾಗಿ ಕಂಡಿದ್ದನು: ಸೀಸರನ ರೂಪ ನಾಣ್ಯದ ಮೇಲಿದೆ, ಅದು ಅವನಿಗೆ ಹೋಗಲಿ; ದೇವರ ರೂಪ ಮನುಷ್ಯನಲ್ಲಿದೆ, ಮನುಷ್ಯನು ದೇವರಿಗೆ ಸಲ್ಲಲಿ. ಸಂತ ಅಗಸ್ಟೀನರೂ ಮಾನವನನ್ನು ದೇವರ ನಾಣ್ಯವೆಂದು ಬಣ್ಣಿಸಿದ್ದಾರೆ.

ಹಾಗಾದರೆ ನಮ್ಮ ಎರಡು ಖಾತೆಗಳ ವ್ಯಾಖ್ಯಾನ ನಿಲ್ಲುವುದಿಲ್ಲ. ತೆರಿಗೆ ಕೊಡಬಾರದೆಂದು ಇದರ ಅರ್ಥವಲ್ಲ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದಲ್ಲಿ ತೆರಿಗೆಯನ್ನು ಸಲ್ಲಿಸಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆ, ಧರ್ಮಸಭೆಯೂ ಹಾಗೆಯೇ ಬೋಧಿಸುತ್ತದೆ. ಆದರೆ ಎರಡು ಪಾಲುಗಳು ಸಮಾನವಲ್ಲ. ಸೀಸರನಿಗೆ ಸಲ್ಲುವುದು ಕೆಲವು ಗ್ರಾಂ ಬೆಳ್ಳಿ. ದೇವರಿಗೆ ಸಲ್ಲುವುದು ಮನುಷ್ಯನು, ಪೂರ್ತಿಯಾಗಿ. ಸೀಸರನೂ ಒಬ್ಬ ಮನುಷ್ಯನಾದುದರಿಂದ ಅವನೂ ದೇವರಿಗೆ ಸಲ್ಲಬೇಕಾದವನೇ. ಇಲ್ಲಿ ನಾಣ್ಯಕ್ಕೂ ಮನುಷ್ಯನಿಗೂ ಇರುವ ಮುಖ್ಯ ಭೇದವನ್ನು ಗಮನಿಸಬೇಕು. ಸೀಸರನ ಮುಖ ಇನ್ನೊಬ್ಬರ ಅಂಗೀಕಾರದಿಂದ ಬದುಕುತ್ತದೆ. ಮನುಷ್ಯನಲ್ಲಿರುವ ದೇವರ ಪ್ರತಿರೂಪವು ಯಾರೂ ಗುರುತಿಸದಿದ್ದರೂ ಅಳಿಯುವುದಿಲ್ಲ. ಅದನ್ನು ಓದಲು ಬಾರದೆ ಬರಿಯ ತೂಕ ನೋಡುವವರು ಇದ್ದರೆ, ಕೊರತೆ ಓದುವವರದು.

ಆದರೆ ನಾವು ಕ್ರೈಸ್ತರು ಓದುವುದರಲ್ಲಿ ಎಷ್ಟು ನಿಪುಣರು? ಕಾನ್‌ಸ್ಟಂಟೈನ್ ಚಕ್ರವರ್ತಿಯು ಕ್ರಿ.ಶ. 315ರಲ್ಲಿ ಹೊರಡಿಸಿದ ಬೆಳ್ಳಿಯ ಪದಕವೊಂದರಲ್ಲಿ ಅವನ ಶಿರಸ್ತ್ರಾಣದ ಮೇಲೆ ಕ್ರಿಸ್ತನಾಮದ ಗ್ರೀಕ್ ಮೊದಲಕ್ಷರಗಳು ಕಾಣಿಸುತ್ತವೆ. ಹಿಂಸೆಯಿಂದ ಬಿಡುಗಡೆ ಹೊಂದಿದ ವಿಶ್ವಾಸಿಗಳಿಗೆ ಅದು ಹರ್ಷದ ವಿಷಯವೇ ಸರಿ. ಆದರೂ ಆ ಪದಕದಲ್ಲಿ ದೊಡ್ಡದಾಗಿ ಕಾಣುವುದು ಚಕ್ರವರ್ತಿಯ ಮುಖ. ಕ್ರಿಸ್ತರ ಹೆಸರು ಅವನ ಶಿರಸ್ತ್ರಾಣದ ಅಲಂಕಾರ. ನಮ್ಮ ಕಾಲಕ್ಕೆ ಬಂದರೆ, 2006ರ ಸುಮಾರಿಗೆ ಬಂದ ಎರಡು ರೂಪಾಯಿಯ ನಾಣ್ಯ ನಿಮಗೆ ನೆನಪಿರಬಹುದು. ಅದರ ಮೇಲಿನ ಅಡ್ಡಗೆರೆಗಳು ಮತ್ತು ನಾಲ್ಕು ಚುಕ್ಕೆಗಳು ವಿವಿಧತೆಯಲ್ಲಿ ಏಕತೆಯನ್ನು ಸೂಚಿಸಲು ರಚಿಸಿದವು. ಕೆಲವರು ಅದರಲ್ಲಿ ಶಿಲುಬೆಯನ್ನು ಕಂಡು ಆಕ್ಷೇಪಿಸಿದರು. 2007ರಲ್ಲಿ ಹಸ್ತಮುದ್ರೆಯ ಹೊಸ ನಾಣ್ಯ ಬಂದಿತು. ಆ ನಾಣ್ಯವನ್ನು ತೋರಿಸಿ ಹೆಮ್ಮೆಪಟ್ಟ ನಮ್ಮವರನ್ನೂ ನಾನು ಬಲ್ಲೆ. ಆಕ್ಷೇಪಿಸಿದವರಂತೆ ಹೆಮ್ಮೆಪಟ್ಟವರೂ ಅಲ್ಲಿ ಇಲ್ಲದುದನ್ನು ಓದಿದರು. ಶಿಲುಬೆಗೆ ನಾಣ್ಯದ ಮೇಲೆ ಸ್ಥಾನ ಬೇಕೆಂದು ಪ್ರಭು ಎಂದೂ ಕೇಳಲಿಲ್ಲ.

ತಿಬೇರಿಯಸನ ಆ 'ಮಹಾಪುರೋಹಿತ' ಎಂಬ ಬಿರುದು ಮುಂದೆ ರೋಮಿನ ಜಗದ್ಗುರುಗಳ ಶಿಲಾಲೇಖಗಳಲ್ಲಿ ಬಂದು ಸೇರಿತು. ಸಂತ ಪೇತ್ರರ ಮಹಾದೇವಾಲಯದ ಎದುರು ನಿಂತು ತಲೆಯೆತ್ತಿದರೆ, 1612ರ ಕೆತ್ತನೆಯಲ್ಲಿ ಐದನೆಯ ಪೌಲರ ಹೆಸರು, ಅವರ ಬೊರ್ಗೇಸೆ ಮನೆತನದ ಹೆಸರು, ಈ ಬಿರುದು ದೊಡ್ಡ ಅಕ್ಷರಗಳಲ್ಲಿ ಕಾಣಿಸುತ್ತವೆ. ಪ್ರೇಷಿತರ ಮುಖ್ಯಸ್ಥನ ಗೌರವಾರ್ಥ ಎಂಬ ಮಾತೂ ಅಲ್ಲಿದೆ. ಆದರೆ ಕಣ್ಣು ಮೊದಲು ಹೋಗುವುದು ಮನೆತನದ ಹೆಸರಿನ ಮೇಲೆ. ಸೀಸರನ ಮುಖವನ್ನು ಹೊರಗೆ ಹುಡುಕುವುದು ಸುಲಭ. ಅದು ನಮ್ಮ ಮುಖಮಂಟಪಕ್ಕೂ ಬಂದು ನಿಲ್ಲುತ್ತದೆ ಎಂಬುದನ್ನು ಒಪ್ಪುವುದು ಕಷ್ಟ.

ನನ್ನದೇ ಒಂದು ಫಲಕ

ಇದನ್ನು ದೂರದ ಉದಾಹರಣೆಯಲ್ಲಿ ನಿಲ್ಲಿಸಿದರೆ ಪ್ರಾಮಾಣಿಕತೆಯಾಗದು. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ದೇವಾಲಯದ ನವೀಕರಣ ನಡೆಯಿತು. ದಾನಿಗಳ ಹೆಸರನ್ನು ಅಮೃತಶಿಲೆಯ ಫಲಕದಲ್ಲಿ ಕೆತ್ತಿಸಲು ನಿರ್ಧಾರವಾಯಿತು. ಮೊತ್ತದ ಅನುಕ್ರಮದಲ್ಲಿ ಹೆಸರು. ಐದು ಸಾವಿರ ರೂಪಾಯಿಗಿಂತ ಕಡಿಮೆ ಕೊಟ್ಟವರಿಗೆ ಫಲಕದಲ್ಲಿ ಸ್ಥಳವಿಲ್ಲ. ಈ ನಿಯಮಕ್ಕೆ ಸಹಿ ಹಾಕಿದವನು ನಾನೇ. ಅಂದು ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೊಟ್ಟವರಿಗೆ ಕೃತಜ್ಞತೆ ಸಲ್ಲಿಸುವುದು ಸಜ್ಜನಿಕೆ ಎಂದೇ ನಂಬಿದ್ದೆ.

ಬೀಡಿ ಕಟ್ಟಿ ಜೀವನ ಸಾಗಿಸುವ ಒಬ್ಬ ವೃದ್ಧ ತಾಯಿ ಆ ನವೀಕರಣಕ್ಕೆ ಐನೂರು ರೂಪಾಯಿ ತಂದುಕೊಟ್ಟಿದ್ದರು. ಹತ್ತರ, ಇಪ್ಪತ್ತರ ನೋಟುಗಳು. ತಂಬಾಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಆಶೀರ್ವಚನದ ದಿನ ಅವರ ಮೊಮ್ಮಗ ಫಲಕದ ಮುಂದೆ ನಿಂತು ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದ. ಕೊನೆಯವರೆಗೆ ಓದಿ, ತಿರುಗಿ, "ಅಜ್ಜೀ, ನಿಮ್ಮ ಹೆಸರು ಇಲ್ಲವಲ್ಲ?" ಎಂದು ಕೇಳಿದ. "ಬಾ ಮಗಾ, ಬಸ್ಸು ತಪ್ಪೀತು" ಎಂದು ಅವರು ಅವನ ಕೈ ಹಿಡಿದು ಹೊರಟರು. ನನ್ನನ್ನು ಕಂಡು, "ಬರುತ್ತೇವೆ ಫಾದರ್" ಎಂದು ಕೈಮುಗಿದರು. ಅವರ ಮುಖದಲ್ಲಿ ಅಸಮಾಧಾನದ ಸುಳಿವೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಯಶವಂತಪುರದ ಬೆಳ್ಳಿಯನ್ನು ತೂಗಿದ ಪ್ರಾಚೀನ ವರ್ತಕರು ಮುಖವನ್ನು ಬಿಟ್ಟು ತೂಕವನ್ನು ನೋಡಿದರು. ಅದು ಲೋಹವಾದುದರಿಂದ ಅವರು ಮಾಡಿದ್ದು ಸರಿ. ನಾನು ಮನುಷ್ಯರನ್ನು ಅದೇ ತಕ್ಕಡಿಯಲ್ಲಿ ತೂಗಿದ್ದೆ. ತೂಕಕ್ಕೆ ತಕ್ಕಂತೆ ಹೆಸರನ್ನು ಮೇಲೆ ಕೆಳಗೆ ಇರಿಸಿದ್ದೆ, ತೂಕ ಕಡಿಮೆಯಾದವರನ್ನು ಕೈಬಿಟ್ಟಿದ್ದೆ. ಅದೂ ದೇವಾಲಯದ ಬಾಗಿಲಲ್ಲಿ.

ಮುಂದಿನ ಧರ್ಮಕೇಂದ್ರದಲ್ಲಿ ಕಟ್ಟಡ ಕಾಮಗಾರಿ ಬಂದಾಗ ಫಲಕ ಬೇಡವೆಂದು ಹೇಳಿದೆ. ಲೆಕ್ಕಪತ್ರಗಳನ್ನು ಎಲ್ಲರ ಮುಂದಿಟ್ಟೆವು. ಕೊಟ್ಟವರೆಲ್ಲರಿಗಾಗಿ ಒಂದೇ ಬಲಿಪೂಜೆ ಅರ್ಪಿಸಿದೆವು. ಇದರಿಂದ ಕೆಲವರು ಬೇಸರಗೊಂಡರು. ಭರವಸೆ ನೀಡಿದ್ದ ಒಂದೆರಡು ದೊಡ್ಡ ಮೊತ್ತಗಳು ಬರಲಿಲ್ಲ. ಕೆಲಸ ಒಂದು ಮಳೆಗಾಲ ತಡವಾಯಿತು. ಹಣ ಕೊಟ್ಟವರೆಲ್ಲರೂ ಹೆಸರಿಗಾಗಿಯೇ ಕೊಡುತ್ತಾರೆಂದು ನಾನು ಹೇಳುತ್ತಿಲ್ಲ; ಸದ್ದಿಲ್ಲದೆ ಕೊಡುವ ಶ್ರೀಮಂತರನ್ನೂ ನಾನು ಕಂಡಿದ್ದೇನೆ. ಪ್ರಶ್ನೆ ಅವರದಲ್ಲ. ನಮ್ಮ ದೇವಾಲಯದೊಳಗೆ ಬರುವವನು ಮೊದಲು ಯಾರ ಹೆಸರನ್ನು, ಯಾರ ಮುಖವನ್ನು ಕಾಣಬೇಕು ಎಂಬುದು ಪ್ರಶ್ನೆ.

ಪ್ರಿಯ ಓದುಗರೇ, ಮುಂದಿನ ಸಲ ಈ ಶುಭಸಂದೇಶ ವಾಚನವಾದಾಗ ತೆರಿಗೆಯನ್ನೂ ವಂತಿಗೆಯನ್ನೂ ಒಂದು ಕ್ಷಣ ಬದಿಗಿರಿಸಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಕುಳಿತವರನ್ನು, ನಿಮ್ಮ ಮನೆಯ ಪಾತ್ರೆ ತೊಳೆಯುವವರನ್ನು, ಜಗಳವಾಡಿ ಮಾತು ಬಿಟ್ಟಿರುವ ಅಣ್ಣ ತಮ್ಮಂದಿರನ್ನು, ಬೇರೆ ಧರ್ಮದ ನೆರೆಯವರನ್ನು ನೆನಪಿಗೆ ತಂದುಕೊಳ್ಳಿ. ಬಹಳ ಕೈ ಬದಲಾಯಿಸಿದ ಬೆಳ್ಳಿಯ ಹಾಗೆ ಕೆಲವು ಮುಖಗಳು ಸವೆದಿರುತ್ತವೆ; ಬರಹ ಕಾಣದಷ್ಟು ಮಣ್ಣು ಮೆತ್ತಿರುತ್ತದೆ. ಪ್ರಭು ಅಂದು ದೇವಾಲಯದ ಆವರಣದಲ್ಲಿ ಕೇಳಿದ ಪ್ರಶ್ನೆಯನ್ನು ಆ ಒಂದೊಂದು ಮುಖದ ಮುಂದೆಯೂ ನಮಗೆ ಕೇಳುತ್ತಿದ್ದಾರೆ. ಉತ್ತರ ನಮಗೆ ಗೊತ್ತಿದೆ. ಅದರಂತೆ ಅವರೊಡನೆ ನಡೆದುಕೊಳ್ಳುವ ಕೃಪೆಯನ್ನು ಬೇಡೋಣ.